ಅಪ್‌ಡೇಟ್: 4294967297 ಅವಿಭಾಜ್ಯವಲ್ಲ

ಸಣ್ಣ ಅವಿಭಾಜ್ಯಗಳಿಂದ ಎಷ್ಟು ಭಾಗಿಸಿದರೂ ಶೇಷ ಉಳಿಯುತ್ತಿದ್ದ 4294967297 (ಅಂದರೆ 2ರ 32ನೇ ಘಾತಕ್ಕೆ 1 ಕೂಡಿಸಿದ ಸಂಖ್ಯೆ) ಅವಿಭಾಜ್ಯವೇ ಎಂದು ಕೇಳಿದ್ದೆ. ಇದರ ಅವಿಭಾಜ್ಯ ಅಪವರ್ತನಗಳೆಲ್ಲ 128ರ ಗುಣಕಕ್ಕಿಂತ 1 ಹೆಚ್ಚಾಗಿರಲೇಬೇಕು ಎಂದು ಉತ್ತರಿಸಿದವರಿಗೆ ನಾನು ಋಣಿ. ಆ ಒಂದು ಮಾತಿನಿಂದ ನೂರಾರು ಭಾಗಾಕಾರಗಳು ಎರಡಕ್ಕೆ ಇಳಿದವು: 257 ಸೋತಿತು, 641 ಶೇಷವಿಲ್ಲದೆ ಭಾಗಿಸಿ 6700417 ಎಂಬ ಭಾಗಲಬ್ಧ ಕೊಟ್ಟಿತು.

ಈ ಬಗೆಯ ಸಂಖ್ಯೆಗಳೆಲ್ಲ (32ರಂತೆ ಘಾತಾಂಕವೂ 2ರ ಘಾತವೇ ಆಗಿರುವ 2ರ ಘಾತಕ್ಕೆ 1 ಕೂಡಿಸಿದವು) ಅವಿಭಾಜ್ಯವೆಂದು 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಇದೇ 641ನ್ನು ತೋರಿಸಿ ಆ ನಂಬಿಕೆಯನ್ನು ಮುರಿದರು.

ಆದರೆ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಭಾಗಾಕಾರವೇ ಇಲ್ಲದ ಪುರಾವೆ. 641 ಎಂಬುದು 5×128+1 ಆಗಿರುವುದರಿಂದ, 641ರಿಂದ ಭಾಗಿಸುವಾಗ 5×2⁷ ಎಂಬುದು −1ಕ್ಕೆ ಸಮಾನವಾಗಿ ವರ್ತಿಸುತ್ತದೆ. ಎರಡೂ ಕಡೆ ನಾಲ್ಕನೇ ಘಾತ ತೆಗೆದುಕೊಂಡರೆ 5⁴×2²⁸ ಎಂಬುದು 1 ಆಗುತ್ತದೆ. ಇನ್ನೊಂದೆಡೆ 641 ಎಂದರೆ 625+16, ಅಂದರೆ 5⁴+2⁴, ಆದ್ದರಿಂದ 5⁴ರ ಜಾಗದಲ್ಲಿ −2⁴ ಇಟ್ಟ ಕೂಡಲೇ −2³² ಎಂಬುದು 1 ಆಗಿ, 2³²+1 ಎಂಬುದು 641ರಿಂದ ಭಾಗವಾಗಲೇಬೇಕಾಗುತ್ತದೆ. ಇಷ್ಟು ಸುಂದರವಾದ ಪುರಾವೆಯನ್ನು ನಾನು ನಿರೀಕ್ಷಿಸಿರಲಿಲ್ಲ.

ಉಳಿದದ್ದು 6700417. ಅದರ ವರ್ಗಮೂಲ 2589ಕ್ಕಿಂತ ಕಡಿಮೆಯಾದ್ದರಿಂದ, ಅದರೊಳಗೆ 128ರ ಗುಣಕಕ್ಕಿಂತ 1 ಹೆಚ್ಚಿರುವ ಅವಿಭಾಜ್ಯಗಳಾದ 257, 641, 769, 1153, 1409 ಇಷ್ಟನ್ನೇ ಪರೀಕ್ಷಿಸಿದರೆ ಸಾಕಿತ್ತು. ಕೈಯಲ್ಲೇ ಲೆಕ್ಕ ಮಾಡಿದಾಗ ಕ್ರಮವಾಗಿ 170, 44, 120, 334, 622 ಶೇಷ ಬಂದವು. ಹಾಗಾಗಿ ಅದು ಅವಿಭಾಜ್ಯ, ಮೂಲ ಸಂಖ್ಯೆಗೆ ಇರುವುದು ನಾಲ್ಕೇ ಭಾಜಕಗಳು.