‘ಎಂಡೈವ್’ ಸೊಪ್ಪಿಗೆ ಕನ್ನಡದಲ್ಲಿ ಏನೆನ್ನಬೇಕು?

ಜಯನಗರದಿಂದ:

ಮಾನ್ಯರೆ, ನಮ್ಮ ತಾರಸಿ ತೋಟಕ್ಕೆ ಕನ್ನಡ ಫಲಕಗಳನ್ನು ಬರೆಸುತ್ತಿದ್ದು, ನಾಳೆ ಸಂಜೆಯೊಳಗೆ ಹೆಸರುಗಳನ್ನು ಕೊಡಬೇಕಾಗಿದೆ. ಸಬ್ಬಸಿಗೆ, ದಂಟುಗಳಿಗೆ ತೊಡಕಿಲ್ಲ. ಅಕ್ಟೋಬರಿನಲ್ಲಿ ಬಿತ್ತಿದ, ಸಲಾಡಿಗೆ ಹಾಕುವ ಕಹಿ ಸೊಪ್ಪಾದ ಎಂಡೈವ್ ಒಂದು ಉಳಿದಿದೆ. ‘ಚಿಕೋರಿ’ ಎನ್ನೋಣವೆಂದರೆ ಅದು ಇದರ ದಾಯಾದಿ, ಬೇರೆಯೇ ಗಿಡ. ಮೇಲಾಗಿ ಬೆಂಗಳೂರಿನವರಿಗೆ ಚಿಕೋರಿಯೆಂದರೆ ಕಾಫಿಪುಡಿಗೆ ಬೆರೆಸುವ ಹುರಿದ ಬೇರು. ಕೊಯ್ಲಿಗೆ ಎರಡು ಮೂರು ವಾರ ಮೊದಲು ಹೊರಗಿನ ಎಲೆಗಳನ್ನು ಮೇಲೆತ್ತಿ ಕಟ್ಟಿ, ಒಳಗಿನವಕ್ಕೆ ಬೆಳಕು ತಾಗದಂತೆ ಮಾಡಿ, ಕಹಿಯನ್ನು ತಗ್ಗಿಸುವ ‘ಬ್ಲಾಂಚಿಂಗ್’ ಕ್ರಮಕ್ಕೂ ಒಂದು ಪದ ಬೇಕು. ‘ಬಿಳಿಚಿಸುವುದು’ ಆದೀತೆ?

ಬಸವನಗುಡಿಯಿಂದ:

ಆಗದು. ಬಿಳಿಚುವುದು ಹೆದರಿದವರ, ಕಾಯಿಲೆಯವರ ಮುಖ. ‘ಜುಟ್ಟು ಕಟ್ಟುವುದು’ ಎಂದರೆ ಏನು ಮಾಡಬೇಕೆಂಬುದೂ ತಿಳಿಯುತ್ತದೆ. (ಎಲೆ ಒಣಗಿದ್ದಾಗಲೇ ಕಟ್ಟಿ, ಒದ್ದೆಯಿದ್ದರೆ ನಡುವೆ ಕೊಳೆಯುತ್ತದೆ.) ಹೆಸರು ‘ಸೀಮೆಹಕ್ಕರಿಕೆ’ ಎಂದಿರಲಿ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯೊಂದಿಗೆ ಹಸಿಯಾಗಿಯೇ ತಿನ್ನುವ ಹಕ್ಕರಿಕೆಯೂ ಎಂಡೈವಿನಂತೆ ಸೂರ್ಯಕಾಂತಿ ಕುಟುಂಬದ್ದು. ಅದರ ಸಸ್ಯಶಾಸ್ತ್ರೀಯ ಹೆಸರಿನಲ್ಲಿರುವ ‘ಇಂಟಿಬೇಸಿಯ’ ಮತ್ತು ನಿಮ್ಮ ‘ಎಂಡೈವ್’ ಎರಡೂ ಲ್ಯಾಟಿನ್ನಿನ ‘ಇಂಟಿಬಸ್’ ಎಂಬ ಒಂದೇ ಮೂಲಕ್ಕೆ ಸೇರುತ್ತವೆ. ಹೊರಗಿನಿಂದ ಬಂದುದಕ್ಕೆ ‘ಸೀಮೆ’ ಸೇರಿಸಿ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಎಂದು ಕರೆದುಕೊಂಡ ಜನ ನಾವು. ಮನೆಯಲ್ಲಿ ಪದವಿರುವಾಗ ಕಡ ತರುವುದೇಕೆ?

ಮಲ್ಲೇಶ್ವರದಿಂದ:

‘ಸೀಮೆ’ಯೇ ಸಂಸ್ಕೃತದ ಕಡವೆಂಬುದು ಮೇಲಿನವರಿಗೆ ಮರೆತುಹೋಗಿದೆ. ಇಲ್ಲಿಯ ಸಂತೆಯಲ್ಲಿ ಹಕ್ಕರಿಕೆಯನ್ನು ಕಂಡವರೇ ವಿರಳ. ತಿಳಿಯದ ಸೊಪ್ಪಿಗೆ ತಿಳಿಯದ ಇನ್ನೊಂದು ಸೊಪ್ಪಿನ ಹೆಸರಿಟ್ಟರೆ ಅದು ಫಲಕವಲ್ಲ, ಒಗಟು. ‘ಎಂಡೈವ್ ಸೊಪ್ಪು’ ಎಂದು ಬರೆಸಿ. ಟೊಮೆಟೊವನ್ನು ನುಂಗಿದ ಕನ್ನಡ ಇದನ್ನೂ ನುಂಗೀತು.

ಬಸವನಗುಡಿಯಿಂದ:

‘ಸೀಮಾ’ ಸಂಸ್ಕೃತ, ‘ಸೀಮೆ’ ತದ್ಭವ, ಆದ್ದರಿಂದ ನಮ್ಮದು. ಟೊಮೆಟೊ ಕಂಡಿತು, ಮೆಣಸಿನಕಾಯಿ ಕಾಣಲಿಲ್ಲವೆ? ಅಮೆರಿಕದಿಂದ ಬಂದ ಕಾಯಿಗೆ ನಮ್ಮ ಹಿರಿಯರು ಪೋರ್ಚುಗೀಸರನ್ನು ಹೆಸರು ಕೇಳದೆ, ಕಾಳುಮೆಣಸಿನ ಹೆಸರನ್ನೇ ಕೊಟ್ಟರು.

ಮಲ್ಲೇಶ್ವರದಿಂದ:

ಅವರು ಮೆಣಸನ್ನು ಬಲ್ಲವರಾಗಿದ್ದರು. ತಾವು ಹಕ್ಕರಿಕೆಯನ್ನು ತಿಂದಿದ್ದೀರಾ?

ಜಯನಗರದಿಂದ:

ಇಬ್ಬರಿಗೂ ವಂದನೆಗಳು. ಫಲಕದ ಮೇಲುಸಾಲಿನಲ್ಲಿ ‘ಎಂಡೈವ್ ಸೊಪ್ಪು’, ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಹಕ್ಕರಿಕೆಯ ಬಳಗ’ ಎಂದು ಬರೆಸುತ್ತಿದ್ದೇನೆ. ‘ಜುಟ್ಟು ಕಟ್ಟುವುದು’ ನಮ್ಮ ಮಾಲಿಯವರಿಗೆ ಒಮ್ಮೆ ಹೇಳಿದೊಡನೆ ಅರ್ಥವಾಯಿತು. ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.