ಅಪ್‌ಡೇಟ್: ಉಡುಪಿಯ ಹಂಚಿನ ಮನೆಗೆ ಸ್ಲ್ಯಾಬ್ ಹಾಕಿಸಲಿಲ್ಲ

ಉಡುಪಿಯ ನಮ್ಮ ಅಜ್ಜನ ಕಾಲದ ಹಂಚಿನ ಮನೆ ಸೋರುತ್ತಿದೆ, ಮಾಡು (ಛಾವಣಿ) ಕಳಚಿ ಕಾಂಕ್ರೀಟ್ ಸ್ಲ್ಯಾಬ್ ಹಾಕಿಸುವುದೇ, ರಿಪೇರಿ ಮಾಡಿಸುವುದೇ ಎಂದು ಮಳೆಗಾಲಕ್ಕೆ ಮುಂಚೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆ. ರಿಪೇರಿಯನ್ನೇ ಮಾಡಿಸಿದೆವು.

ಹಂಚು ಇಳಿಸಿದಾಗ ಕಾರಣ ಸಿಕ್ಕಿತು. ಅಡುಗೆಮನೆಯ ಮೇಲಿನ ರೀಪುಗಳನ್ನು (ಹಂಚು ಕೂರುವ ಮರದ ಅಡ್ಡಪಟ್ಟಿಗಳು) ಗೆದ್ದಲು ಒಳಗಿನಿಂದಲೇ ತಿಂದು, ಬಣ್ಣದ ಸಿಪ್ಪೆಯನ್ನಷ್ಟೇ ಉಳಿಸಿತ್ತು; ಬೆರಳಿಟ್ಟರೆ ಪುಡಿ. ರೀಪು ಬಾಗಿದಲ್ಲೆಲ್ಲ ಹಂಚು ಜಾರಿ ಸಂದಿ ಬಿದ್ದಿತ್ತು. ರೀಪುಗಳನ್ನು ಹೊರುವ ಹಲಸಿನ ಪಕ್ಕಾಸುಗಳು (ಇಳಿಜಾರಾದ ಮರದ ತೊಲೆಗಳು) ಮಾತ್ರ ಗಟ್ಟಿಮುಟ್ಟಾಗಿದ್ದವು. ರೀಪು ಬದಲಿಸಿ, ಹಳೆಯ ಹಂಚುಗಳನ್ನೇ ಪಾಚಿ ಉಜ್ಜಿ ಮತ್ತೆ ಹೊದಿಸಿದೆವು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಹಂಚಿನ ದೊಡ್ಡ ಉಪಕಾರವೇ ಅದು: ಒಡೆದದ್ದನ್ನಷ್ಟೇ ತೆಗೆದು ಬೇರೆ ಇಡಬಹುದು. ಸ್ಲ್ಯಾಬ್‌ಗಾಗಿ ಹಟ ಹಿಡಿದಿದ್ದ ದೊಡ್ಡಪ್ಪ ಈಗ ಆ ಮಾತನ್ನೇ ಎತ್ತುತ್ತಿಲ್ಲ. ಖರ್ಚಿನ ಲೆಕ್ಕ ನೋಡಿಯೇ ಇರಬೇಕು.

ಒಂದು ಕೆಲಸ ಬಾಕಿ ಇದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಹಿಂದೆ ಯಾರೋ ಸಿಮೆಂಟ್ ಗಾರೆ ಮೆತ್ತಿದ್ದಾರೆ. ಕಲ್ಲು ಹೀರಿಕೊಂಡ ನೀರು ಹೊರಹೋಗಲಾರದೆ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಉದುರುತ್ತಿದೆ. ಆ ಸಿಮೆಂಟನ್ನು ಕೆತ್ತಿಸಿ ಸುಣ್ಣದ ಗಾರೆ ಮಾಡಿಸಬೇಕು. ಬೇಸಿಗೆಯಲ್ಲಿ ಬರಬಲ್ಲ, ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಯಾರಾದರೂ ಈ ಕಡೆ ಇದ್ದರೆ ತಿಳಿಸಿ.