ಪುಸ್ತಕ ನೋಡಿಕೊಂಡು ಸೈಕಲ್ ರಿಪೇರಿ: ಯಾವುದಕ್ಕೆ ಮೊದಲು ಕೈ ಹಾಕಬೇಕು?

ಎರಡುಗಾಲಿ (ಪ್ರಶ್ನೆ):

ನನ್ನ ಹತ್ತಿರ ಸೈಕಲ್ ರಿಪೇರಿಯ ಎರಡು ಕೈಪಿಡಿಗಳಿವೆ, ಒಂದು ಹಳೆಯದು, ಒಂದು ಈಚಿನದು. ಎರಡೂ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಹಳೆಯದರಲ್ಲಿ ಹಬ್ (ಚಕ್ರದ ನಡುಭಾಗ) ಬಿಚ್ಚಿ ಬಾಲ್ಸ್ (ಉಕ್ಕಿನ ಗುಂಡುಗಳು) ತೊಳೆದು ಗ್ರೀಸ್ ತುಂಬುವುದಕ್ಕೆ ಹತ್ತು ಪುಟ ಇದ್ದರೆ, ಹೊಸದರಲ್ಲಿ "ಬೇರಿಂಗ್ ಬದಲಿಸಿ" ಅಂತ ಎರಡು ಸಾಲು.

ಸೈಕಲ್ಲಿಗೆ ಹಿಂದೆ 8 ಗೇರ್, ಮುಂದೆ 3, ವಿ-ಬ್ರೇಕ್, 26 ಇಂಚಿನ ಚಕ್ರ. ತೊಂದರೆಗಳು: ಒತ್ತಿ ತುಳಿದರೆ ಚೈನ್ ಹಾರುತ್ತದೆ. ಹಿಂದಿನ ಚಕ್ರ ಒಂದು ಸುತ್ತಿಗೆ ಒಮ್ಮೆ ಬ್ರೇಕ್ ಪ್ಯಾಡಿಗೆ ಉಜ್ಜುತ್ತದೆ. ಮುಂದಿನ ಟ್ಯೂಬ್ ಪ್ಯಾಚ್ ಹಾಕಿದ ಎರಡು ಮೂರು ದಿನಕ್ಕೆ ಮತ್ತೆ ಪಂಕ್ಚರ್. ಇದರ ಜೊತೆಗೆ ಎಡ ಪೆಡಲ್ ಬಿಚ್ಚಲು ಬರುತ್ತಿಲ್ಲ. ಯಾವುದರಿಂದ ಶುರು ಮಾಡಲಿ?

ಕಡ್ಡಿಲೆಕ್ಕ:

ಎರಡೂ ಪುಸ್ತಕ ಸರಿಯೇ ಇರಬೇಕು, ಬೇರೆ ಬೇರೆ ಹಬ್ಬಿನ ಬಗ್ಗೆ ಹೇಳುತ್ತಿವೆ. ಹಳೆಯದು ಕಪ್-ಕೋನ್ ಹಬ್ಬಿನದು: ಒಳಗೆ ಬಿಡಿ ಬಾಲ್ಸ್, ಎರಡು ಬದಿಗೂ ಕೋನ್ (ಬಾಲ್ಸನ್ನು ಒತ್ತಿ ಹಿಡಿಯುವ ಶಂಕುವಿನಾಕಾರದ ನಟ್), ಅದರ ಮೇಲೆ ಲಾಕ್‌ನಟ್. ಹೊಸದು ಕಾರ್ಟ್ರಿಜ್ ಬೇರಿಂಗಿನದು, ಅಂದರೆ ಬಾಲ್ಸ್ ಒಳಗೇ ಮುಚ್ಚಿಟ್ಟ ಬೇರಿಂಗ್. ಅದನ್ನು ಒಳಗಿಂದ ರಿಪೇರಿ ಮಾಡುವುದಿಲ್ಲ, ಇಡಿಯಾಗಿ ತೆಗೆದು ಹೊಸದು ಒತ್ತುತ್ತಾರೆ. ಪುಸ್ತಕದ ಯಾವ ಅಧ್ಯಾಯ ನಿಮ್ಮದು ಅನ್ನುವುದನ್ನು ಸೈಕಲ್ ಮುಂದೆ ಕೂತು ಭಾಗ ನೋಡಿಯೇ ತೀರ್ಮಾನಿಸಬೇಕು. ಈ ಒಂದು ಹೆಜ್ಜೆ ಬಿಟ್ಟುಬಿಟ್ಟರೆ ಎಷ್ಟು ಒಳ್ಳೆಯ ಪುಸ್ತಕವೂ ದಾರಿ ತಪ್ಪಿಸುತ್ತದೆ.

ಮೊದಲು ಹಿಂದಿನ ಚಕ್ರ. ಕಡ್ಡಿಗೆ ಕೈ ಹಾಕುವ ಮುನ್ನ ರಿಮ್ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಟಕ್ ಟಕ್ ಅಂದರೆ ಹಬ್ಬಿನಲ್ಲಿ ಆಟ (ಸಡಿಲ) ಇದೆ. ಆಟ ಇರುವ ಚಕ್ರವನ್ನು ಎಷ್ಟು ನೇರ ಮಾಡಿದರೂ ನಿಲ್ಲದು, ಹಾಗಾಗಿ ಹಬ್ ಸರಿಪಡಿಸಿ ಆಮೇಲೆ ಕಡ್ಡಿಗೆ ಬನ್ನಿ. ಬ್ರೇಕ್ ಪ್ಯಾಡ್ ಉಜ್ಜುವ ರಿಮ್ಮಿನ ಬದಿಯನ್ನೂ ಬೆರಳಲ್ಲಿ ಸವರಿ ನೋಡಿ. ಒಳಕ್ಕೆ ಗುಳಿ ಬಿದ್ದಿದ್ದರೆ ಆ ರಿಮ್ಮಿನ ಆಯಸ್ಸು ಮುಗಿದಿದೆ. ಗಾಳಿಯ ಒತ್ತಡಕ್ಕೆ ಅಂಚು ಸೀಳಿ ತೆರೆದುಕೊಳ್ಳಬಹುದು, ಅದನ್ನು ನೇರ ಮಾಡುವುದರಲ್ಲಿ ಅರ್ಥವಿಲ್ಲ.

ನೇರ ಮಾಡುವಾಗ ಸೈಕಲ್ ತಲೆಕೆಳಗೆ ನಿಲ್ಲಿಸಿ, ಪ್ಯಾಡನ್ನೇ ಅಳತೆಯಾಗಿ ಇಟ್ಟುಕೊಳ್ಳಿ. ಹಿಂದಿನ ದಿನವೇ ಪ್ರತಿ ನಿಪ್ಪಲ್ಲಿಗೆ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್) ಒಂದು ತೊಟ್ಟು ಎಣ್ಣೆ ಬಿಟ್ಟಿರಿ, ಇಲ್ಲದಿದ್ದರೆ ನಿಪ್ಪಲ್ಲಿನ ಮೂಲೆ ಸವೆದು ಕೀ ಜಾರುತ್ತದೆ (ರಿಮ್ಮಿಗೆ ಸೋರಿದ್ದನ್ನು ಪೂರ್ತಿ ಒರೆಸಿ, ಬ್ರೇಕ್ ಹಿಡಿಯಬೇಕಲ್ಲ). ರಿಮ್ ಬಲಕ್ಕೆ ಬಾಗಿದ್ದರೆ, ಆ ಜಾಗದಲ್ಲಿ ಹಬ್ಬಿನ ಎಡಬದಿಯಿಂದ ಬಂದ ಕಡ್ಡಿಯನ್ನು ಕಾಲು ಸುತ್ತು ಬಿಗಿ ಮಾಡಿ, ಪಕ್ಕದ ಬಲಬದಿಯ ಕಡ್ಡಿಯನ್ನು ಕಾಲು ಸುತ್ತು ಸಡಿಲಿಸಿ. ಬರೀ ಬಿಗಿ ಮಾಡುತ್ತಾ ಹೋದರೆ ಆ ಜಾಗ ಹಬ್ಬಿನ ಕಡೆಗೆ ಎಳೆದುಕೊಂಡು ಚಕ್ರ ಗುಂಡಾಗಿ ಉಳಿಯುವುದಿಲ್ಲ.

ಎಲ್ಲರೂ ತಪ್ಪುವುದು ತಿರುಗಿಸುವ ದಿಕ್ಕಿನಲ್ಲಿ. ಟೈರ್ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಗಿ. ಹಬ್ ಕಡೆಯಿಂದ ನೋಡಿದರೆ ಅದೇ ಉಲ್ಟಾ ಕಾಣುತ್ತದೆ. ಹಿಂದಿನ ಚಕ್ರದಲ್ಲಿ ಗೇರ್ ಬದಿಯ ಕಡ್ಡಿಗಳು ಎಡಬದಿಯವಕ್ಕಿಂತ ಬಿಗಿಯಾಗಿಯೇ ಇರುತ್ತವೆ, ಆದ್ದರಿಂದ ಮೀಟಿ ಸದ್ದು ಹೋಲಿಸುವಾಗ ಒಂದೇ ಬದಿಯವನ್ನು ಹೋಲಿಸಿ. ವಿ-ಬ್ರೇಕಿಗೆ 1 ಮಿ.ಮೀ. ಒಳಗಿನ ಓಲಾಟ ಸಾಕಷ್ಟು ಒಳ್ಳೆಯದು. ಅಲ್ಲಿಗೆ ನಿಲ್ಲಿಸಿ.

ಗ್ರೀಸ್‌ಕೈ:

ಪೆಡಲ್ಲಿಗೆ: ಎಡ ಪೆಡಲ್ಲಿನ ಥ್ರೆಡ್ ಉಲ್ಟಾ. 15 ಮಿ.ಮೀ. ಸ್ಪ್ಯಾನರನ್ನು ಮೇಲ್ಮುಖವಾಗಿ ಹಿಡಿದು, ಅದರ ತುದಿಯನ್ನು ಹಿಂದಿನ ಚಕ್ರದ ಕಡೆಗೆ ಎಳೆಯಿರಿ. ಎರಡೂ ಪೆಡಲ್ ಬಿಚ್ಚುವುದು ಹಾಗೆಯೇ, ಎಡ ಬಲ ಅಂತ ನೆನಪಿಡುವ ಕಷ್ಟವೇ ಇಲ್ಲ. ಅದಕ್ಕೂ ಮೊದಲು ಚೈನನ್ನು ಮುಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಾಕಿಕೊಳ್ಳಿ, ಕೈ ಜಾರಿದರೆ ಹಲ್ಲು ಚುಚ್ಚುವುದಿಲ್ಲ. ಮತ್ತೆ ಹಾಕುವಾಗ ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಮೊದಲ ಮೂರು ನಾಲ್ಕು ಸುತ್ತು ಬೆರಳಲ್ಲೇ ತಿರುಗಿಸಿ. ಬೆರಳಿಗೆ ಬಗ್ಗದಿದ್ದರೆ ಥ್ರೆಡ್ ಅಡ್ಡ ಕೂತಿದೆ ಎಂದರ್ಥ. ಅಲ್ಲಿ ಸ್ಪ್ಯಾನರ್ ಹಾಕಿ ಬಲ ಪ್ರಯೋಗಿಸಿದರೆ ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕೇ ಹೋಗುತ್ತದೆ.

ಚೈನ್ ಹಾರುವುದಕ್ಕೆ ಗೇರ್ ಕೇಬಲ್ ತಿರುಪುವ ಮುನ್ನ ಅಳತೆ ತೆಗೆಯಿರಿ. ಒಂದು ಪಿನ್ನಿನ ಎಡ ಅಂಚಿನಿಂದ ಮುಂದಿನ 24ನೇ ಪಿನ್ನಿನ ಎಡ ಅಂಚಿಗೆ ಹೊಸ ಚೈನಿನಲ್ಲಿ 304.8 ಮಿ.ಮೀ. ಇರುತ್ತದೆ. 8 ಗೇರಿನ ಚೈನ್ 307 ತಲುಪಿದರೆ ಬದಲಿಸಬೇಕು. ಸ್ಟೀಲ್ ಸ್ಕೇಲ್ ಸಾಕು, ಆದರೆ ಚೈನ್ ಎಳೆದು ಹಿಡಿದಿರಬೇಕು. ಎಷ್ಟು ಬಂತು ಹೇಳಿ. ಯಾವಾಗಲೂ ಬಳಸುವ ಒಂದೆರಡು ಗೇರಿನಲ್ಲಿ ಮಾತ್ರ ಹಾರಿದರೆ ಸವೆತ. ಯಾವ ಗೇರ್ ಹಾಕಿದರೂ ಚೈನ್ ಒಂದು ಪೂರ್ತಿ ಸುತ್ತು ಬಂದಾಗೊಮ್ಮೆ ಹಾರಿದರೆ, ಎಲ್ಲೋ ಒಂದು ಕೊಂಡಿ ಮಡಚದೆ ಬಿಗಿಯಾಗಿದೆ.

ಪ್ಯಾಚ್‌ಪಟ್ಟಿ:

ಪಂಕ್ಚರ್ ಮರುಕಳಿಸುವುದು ಹೆಚ್ಚಾಗಿ ಟೈರಿನೊಳಗೆ ಉಳಿದ ಮುಳ್ಳಿನಿಂದ, ಇಲ್ಲವೇ ಸಲ್ಯೂಷನ್ ಒಣಗುವ ಮೊದಲೇ ಪ್ಯಾಚ್ ಒತ್ತಿದ್ದರಿಂದ. ಟ್ಯೂಬ್ ಹೊರತೆಗೆದಾಗ ವಾಲ್ವ್ ಇದ್ದ ಜಾಗಕ್ಕೆ ಸರಿಯಾಗಿ ಟೈರಿನ ಮೇಲೆ ಇಟ್ಟು ನೋಡಿ, ತೂತಿನ ಎದುರಿಗೇ ಕಾರಣ ಸಿಗುತ್ತದೆ. ತೂತು ರಿಮ್ ಕಡೆಗಿದ್ದರೆ ರಿಮ್ ಟೇಪ್ ಸರಿದು ಕಡ್ಡಿಯ ತುದಿ ಚುಚ್ಚುತ್ತಿದೆ. ಅಕ್ಕಪಕ್ಕ ಎರಡು ತೂತು ಇದ್ದರೆ ಗಾಳಿ ಕಡಿಮೆ ಇದ್ದು ಟ್ಯೂಬ್ ರಿಮ್ಮಿಗೂ ಟೈರಿಗೂ ನಡುವೆ ಜಜ್ಜಿದೆ.

ಮರಳುಕಾಗದದಲ್ಲಿ ಟ್ಯೂಬಿನ ಹೊಳಪು ಹೋಗುವವರೆಗೆ ಉಜ್ಜಿ, ಸಲ್ಯೂಷನ್ನನ್ನು ಪ್ಯಾಚಿಗಿಂತ ಅಗಲವಾಗಿ, ತೆಳ್ಳಗೆ ಸವರಿ, ಸುಮಾರು 5 ನಿಮಿಷ ಬಿಡಿ. ಮುಟ್ಟಿದರೆ ಬೆರಳಿಗೆ ಬರಬಾರದು. ಅದರೊಳಗಿನ ದ್ರಾವಕ ಆರಿ ಹೋದ ಮೇಲೆಯೇ ಪ್ಯಾಚ್ ಟ್ಯೂಬನ್ನು ಹಿಡಿಯುವುದು. ಹಸಿ ಇರುವಾಗ ಒತ್ತಿದರೆ ಅಂಚಿನಿಂದ ಏಳುತ್ತದೆ.

ಟೈರ್ ಕೊಳ್ಳುವುದಾದರೆ "26 ಇಂಚು" ಅಂತಷ್ಟೇ ಹೇಳಬೇಡಿ. ಆ ಹೆಸರಲ್ಲಿ ಒಂದಕ್ಕೊಂದು ಕೂರದ ಅಳತೆಗಳಿವೆ. ಟೈರಿನ ಬದಿಯಲ್ಲಿ 50-559 ಅಥವಾ 37-590 ಥರದ ಸಂಖ್ಯೆ ಇರುತ್ತದೆ. ಕೊನೆಯ ಮೂರು ಅಂಕಿ ಹೊಂದಬೇಕು.

ಎರಡುಗಾಲಿ:

ಚೈನ್ 308 ಬಂತು. ಹಿಂದಿನ ಚಕ್ರದಲ್ಲಿ ಆಟ ಇದೆ, ಹಬ್ ಕಪ್-ಕೋನ್, ಕ್ವಿಕ್ ರಿಲೀಸ್ (ಚಕ್ರವನ್ನು ಫ್ರೇಮಿಗೆ ಬಿಗಿಯುವ ಲಿವರ್) ಇದೆ. ಟೈರಿನೊಳಗೆ ಸಣ್ಣ ತಂತಿಯ ಚೂರು ಸಿಕ್ಕಿತು. ಕೋನ್ ಎಷ್ಟು ಬಿಗಿ ಮಾಡಬೇಕು? ಪುಸ್ತಕದಲ್ಲಿ "ಹದವಾಗಿ" ಅಂತ ಮಾತ್ರ ಇದೆ.

ಗ್ರೀಸ್‌ಕೈ:

308 ಅಂದರೆ ಶೇ 1 ಸವೆತ. ಹೊಸ ಚೈನ್ ಮಾತ್ರ ಹಾಕಿದರೆ ಸವೆದ ಹಲ್ಲಿನ ಮೇಲೆ ಇನ್ನೂ ಜೋರಾಗಿ ಹಾರುತ್ತದೆ, ಹಿಂದಿನ ಹಲ್ಲುಚಕ್ರಗಳನ್ನೂ ಸೇರಿಸಿ ಬದಲಿಸಿ. ಕೊಳ್ಳುವ ಮುನ್ನ ಅದು ಕ್ಯಾಸೆಟ್ಟೋ (ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳು) ಫ್ರೀವ್ಹೀಲೋ (ಹಬ್ಬಿಗೆ ತಿರುಪಿ ಕೂರಿಸುವವು) ನೋಡಿಕೊಳ್ಳಿ: ಹಲ್ಲುಚಕ್ರವನ್ನು ಹಿಂದಕ್ಕೆ ತಿರುಗಿಸಿದಾಗ, ಟೂಲ್ ಕೂರುವ ಗೀರುಗಳೂ ಜೊತೆಗೆ ತಿರುಗಿದರೆ ಕ್ಯಾಸೆಟ್, ನಿಂತೇ ಇದ್ದರೆ ಫ್ರೀವ್ಹೀಲ್. ಬಿಚ್ಚುವ ಟೂಲ್ ಎರಡಕ್ಕೂ ಬೇರೆ.

ಕಡ್ಡಿಲೆಕ್ಕ:

ಆ "ಹದ" ಹೀಗೆ. ಎಡಬದಿಯ ಕೋನ್ ಮಾತ್ರ ಬಿಚ್ಚಿ, ಗೇರ್ ಬದಿಯದನ್ನು ಮುಟ್ಟಬೇಡಿ, ಆಕ್ಸಲ್ ತನ್ನ ಜಾಗದಲ್ಲೇ ಉಳಿಯುತ್ತದೆ. ಹಿಂದಿನ ಹಬ್ಬಿನಲ್ಲಿ ಸಾಮಾನ್ಯವಾಗಿ ಒಂದೊಂದು ಬದಿಗೆ ಕಾಲು ಇಂಚಿನ 9 ಬಾಲ್ಸ್. ಹೊರಬಂದದ್ದನ್ನು ಎಣಿಸಿ, ಹಳೆಯದು ಬಿಟ್ಟು ಎಲ್ಲವೂ ಹೊಸದೇ ಹಾಕಿ. ಕೋನಿನ ಮೇಲೆ ಗುಳಿ ಕಂಡರೆ ಕೋನನ್ನೂ ಬದಲಿಸಿ.

ಕೋನನ್ನು ಬೆರಳಲ್ಲಿ ತಿರುಗಿಸಿ ಬಾಲ್ಸಿಗೆ ತಾಗಿದ ಮೇಲೆ ಸುಮಾರು ಎಂಟನೇ ಒಂದು ಸುತ್ತು ಹಿಂದೆ ತನ್ನಿ. ತೆಳು ಕೋನ್ ಸ್ಪ್ಯಾನರಿನಲ್ಲಿ ಅದನ್ನು ಅಲ್ಲಾಡದಂತೆ ಹಿಡಿದು ಲಾಕ್‌ನಟ್ ಬಿಗಿ ಮಾಡಿ. ಕೈಯಲ್ಲಿ ಹಿಡಿದಾಗ ಒಂಚೂರು ಆಟ ಉಳಿದಿರಬೇಕು, ಏಕೆಂದರೆ ಕ್ವಿಕ್ ರಿಲೀಸ್ ಬಿಗಿದಾಗ ಆಕ್ಸಲ್ ಅದುಮಿಕೊಂಡು ಆ ಆಟ ಹೋಗುತ್ತದೆ. ಚಕ್ರವನ್ನು ಫ್ರೇಮಿಗೆ ಬಿಗಿದ ಮೇಲೆ ರಿಮ್ ಅಲ್ಲಾಡಿಸಿ: ಇನ್ನೂ ಟಕ್ ಅಂದರೆ ಕೋನ್ ಸ್ವಲ್ಪ ಒಳಗೆ, ಕೈಯಲ್ಲಿ ಆಕ್ಸಲ್ ತಿರುಗಿಸಿದಾಗ ಗರಗರ ಅಂದರೆ ಸ್ವಲ್ಪ ಹೊರಗೆ. ಮೂರು ನಾಲ್ಕು ಸಲ ಬಿಚ್ಚಿ ಹಾಕಬೇಕಾಗುತ್ತದೆ, ಅನುಭವಸ್ಥರಿಗೂ ಅಷ್ಟೇ ಸಲ.